ಕೋಟೆಯ ಜೊತೆಗೆ ಕೊತ್ತಳ ಏಕೆ?

(ಜವನಗೊಂಡನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ತೀರಿಹೋದ ಹಿರಿಯರ ಹೆಸರಿನಲ್ಲಿ ಮನೆಯವರು ಇಟ್ಟ ಇಡಿಗಂಟಿನಿಂದ ಇಂಥ ಸಭೆಗಳು ನಡೆಯುತ್ತವೆ. ಆ ಋಣ ತೀರಬೇಕಾದರೆ ಕೇಳಿದವರು ಒಂದಾದರೂ ಗಟ್ಟಿ ವಿಷಯವನ್ನು ಮನೆಗೆ ಒಯ್ಯಬೇಕು. ಆದ್ದರಿಂದ ಇಂದು ನಾನು ಹತ್ತು ವಿಷಯ ಹರಡುವುದಿಲ್ಲ. ಒಂದೇ ಒಂದು ಪದವನ್ನು ಕುರಿತು ಮಾತನಾಡುತ್ತೇನೆ. ಆ ಪದ ‘ಕೊತ್ತಳ’.

‘ಕೋಟೆ ಕೊತ್ತಳ’ ಎಂದು ನಾವೆಲ್ಲ ಹೇಳುತ್ತೇವೆ. ಶಾಲೆಯ ಪ್ರಬಂಧದಲ್ಲಿ, ರಾಜ್ಯೋತ್ಸವದ ಭಾಷಣದಲ್ಲಿ, ಪ್ರವಾಸದ ಲೇಖನದಲ್ಲಿ ಈ ಜೋಡಿ ತಪ್ಪದೆ ಬರುತ್ತದೆ. ಕೋಟೆ ಎಂದರೇನು ಎಂದು ಕೇಳಿದರೆ ಆರನೆಯ ತರಗತಿಯ ಮಗುವೂ ಉತ್ತರ ಕೊಡುತ್ತದೆ. ಕೊತ್ತಳ ಎಂದರೇನು ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ನಾಲಗೆಯ ಮೇಲೆ ಉಳಿದು ಕಣ್ಣಿನಿಂದ ಮರೆಯಾದ ಪದ ಇದು. ದುರ್ಗದ ಸೀಮೆಯಲ್ಲಿ ಹುಟ್ಟಿ ಬೆಳೆದ ನಾವು ಈ ಪದವನ್ನು ಕಳೆದುಕೊಳ್ಳಬಾರದು ಎಂಬುದು ನನ್ನ ಮಾತಿನ ಸಾರ. ಏಕೆಂದರೆ ಕೋಟೆಯ ಬಲ ಇರುವುದು ಗೋಡೆಯಲ್ಲಲ್ಲ, ಕೊತ್ತಳದಲ್ಲಿ.

ಈ ಮಾತನ್ನು ಜವನಗೊಂಡನಹಳ್ಳಿಯಲ್ಲಿ ಆಡುವುದಕ್ಕೆ ಕಾರಣವಿದೆ. ಇಲ್ಲಿಂದ ಉತ್ತರಕ್ಕೆ ಹಿರಿಯೂರು, ಅದರಾಚೆ ಚಿತ್ರದುರ್ಗ. ದಕ್ಷಿಣಕ್ಕೆ ಶಿರಾ. ದುರ್ಗದಲ್ಲಿ ಪಾಳೆಯಗಾರ ನಾಯಕರು ಆಳುತ್ತಿದ್ದರು. ವಿಜಯಪುರ 1686ರಲ್ಲಿ ಮೊಗಲರ ವಶವಾದ ಮೇಲೆ ಶಿರಾ ಅವರ ಸುಬಾದ ರಾಜಧಾನಿಯಾಯಿತು. ಈ ಎರಡು ಬಲಗಳ ನಡುವೆ ಸಿಕ್ಕಿದ ಊರುಗಳು ನಮ್ಮವು. ಇಂದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳು ಓಡುವ ಈ ಬಯಲಿನಲ್ಲಿ ಅಂದು ದಂಡು ಬಂತೆಂದರೆ ಊರಿನವರು ದನ, ಕಾಳು, ಮಕ್ಕಳನ್ನು ಎಲ್ಲಿ ಸೇರಿಸಬೇಕೆಂದು ಯೋಚಿಸಬೇಕಿತ್ತು. ಕೋಟೆಯ ಪದಗಳು ಇಲ್ಲಿ ಪುಸ್ತಕದಿಂದ ಬಂದವಲ್ಲ, ಅಗತ್ಯದಿಂದ ಬಂದವು.

ಪದದ ನೆಲೆ

ಕೊತ್ತಳವೆಂದರೆ ಕೋಟೆಯ ಗೋಡೆಗೆ ಅಂಟಿಕೊಂಡು, ಗೋಡೆಯ ಸಾಲಿನಿಂದ ಹೊರಕ್ಕೆ ಚಾಚಿಕೊಂಡಿರುವ ಗಟ್ಟಿ ಕಟ್ಟಡ. ಅದು ದುಂಡಗಿರಬಹುದು, ಚೌಕವಾಗಿರಬಹುದು, ಮೂಲೆಯ ಆಕಾರದಲ್ಲಿರಬಹುದು. ಎತ್ತರ ಗೋಡೆಯಷ್ಟೇ ಇರಬಹುದು, ಹೆಚ್ಚೂ ಇರಬಹುದು. ಮುಖ್ಯವಾದದ್ದು ಆಕಾರವೂ ಅಲ್ಲ, ಎತ್ತರವೂ ಅಲ್ಲ. ಹೊರಕ್ಕೆ ಚಾಚಿರುವುದೇ ಮುಖ್ಯ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಈ ಪದ ಇದೇ ಅರ್ಥದಲ್ಲಿ ದಾಖಲಾಗಿದೆ.

ಕನ್ನಡದಲ್ಲಿ ಜೋಡುಪದಗಳು ಎರಡು ಬಗೆ. ‘ಪುಸ್ತಕ ಗಿಸ್ತಕ’, ‘ಕಾಫಿ ಗೀಫಿ’ ಎಂದಾಗ ಎರಡನೆಯ ಪದಕ್ಕೆ ಸ್ವಂತ ಅರ್ಥವಿಲ್ಲ. ‘ಹೊಲ ಮನೆ’, ‘ದನ ಕರು’ ಎಂದಾಗ ಎರಡಕ್ಕೂ ಅರ್ಥವಿದೆ, ಮತ್ತು ಎರಡೂ ಸೇರಿದರೆ ಬದುಕು ಪೂರ್ತಿಯಾಗುತ್ತದೆ. ‘ಕೋಟೆ ಕೊತ್ತಳ’ ಎರಡನೆಯ ಬಗೆಯದು. ಇಂದು ನಾವು ಅದನ್ನು ಮೊದಲನೆಯ ಬಗೆಯದೆಂಬಂತೆ ಬಳಸುತ್ತಿದ್ದೇವೆ. ಅರ್ಥ ಮರೆತಾಗ ಕಾಗುಣಿತವೂ ಸಡಿಲವಾಗುತ್ತದೆ. ‘ಕೊತ್ತಲ’ ಎಂದು ಬರೆಯುವುದು ಪತ್ರಿಕೆಗಳಲ್ಲೂ ಫಲಕಗಳಲ್ಲೂ ಸಾಮಾನ್ಯವಾಗಿಬಿಟ್ಟಿದೆ. ನಿಘಂಟು ಒಪ್ಪುವ ರೂಪ ‘ಕೊತ್ತಳ’.

ಈ ಜೋಡಿ ಕನ್ನಡಕ್ಕಷ್ಟೇ ಸೀಮಿತವಲ್ಲ. ತಮಿಳರು ‘ಕೋಟ್ಟೈ ಕೊತ್ತಳಂ’ ಎನ್ನುತ್ತಾರೆ. ಚೆನ್ನೈನ ಸೇಂಟ್ ಜಾರ್ಜ್ ಕೋಟೆಯಲ್ಲಿ ಸ್ವಾತಂತ್ರ್ಯ ದಿನದಂದು ಮುಖ್ಯಮಂತ್ರಿ ಧ್ವಜ ಹಾರಿಸುವ ಸುದ್ದಿಯಲ್ಲಿ ಆ ಪದ ಈಗಲೂ ಪ್ರತಿವರ್ಷ ಕೇಳಿಬರುತ್ತದೆ. ಮಲಯಾಳದಲ್ಲೂ ಕೋಟೆಯೊಡನೆ ಕೊತ್ತಳ ಜೋಡಿಯಾಗಿಯೇ ಬರುತ್ತದೆ. ಕೆಳದಿಯ ಅರಸರು 17ನೆಯ ಶತಮಾನದಲ್ಲಿ ಕಾಸರಗೋಡಿನ ಕಡಲತೀರದಲ್ಲಿ ಕಟ್ಟಿಸಿದ ಬೇಕಲ ಕೋಟೆಯನ್ನು ಕನ್ನಡಿಗರೂ ಮಲಯಾಳಿಗಳೂ ಒಂದೇ ಪದದಿಂದ ವರ್ಣಿಸಬಹುದು.

ಗೋಡೆ ಮಾಡಲಾರದ ಕೆಲಸ

ಕೊತ್ತಳ ಏಕೆ ಬೇಕು? ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಇಪ್ಪತ್ತು ಅಡಿ ಎತ್ತರದ ನೇರ ಗೋಡೆಯೊಂದಿದೆ ಎಂದುಕೊಳ್ಳಿ. ಮೇಲೆ ನಮ್ಮ ಕಾವಲಿನ ಆಳು ನಿಂತಿದ್ದಾನೆ. ಶತ್ರು ದೂರದಲ್ಲಿರುವ ತನಕ ಕಾವಲಿನವನಿಗೆ ಚೆನ್ನಾಗಿ ಕಾಣುತ್ತಾನೆ, ಬಾಣವೋ ಗುಂಡೋ ಅವನಿಗೆ ತಾಗುತ್ತದೆ. ಆದರೆ ಆ ಶತ್ರು ಕಂದಕ ದಾಟಿ, ಓಡಿಬಂದು, ಗೋಡೆಯ ಬುಡಕ್ಕೆ ಬೆನ್ನು ಹಚ್ಚಿ ನಿಂತುಬಿಟ್ಟನೆನ್ನಿ. ಈಗ ಮೇಲಿನವನಿಗೆ ಅವನು ಕಾಣುವುದಿಲ್ಲ. ನೋಡಬೇಕೆಂದರೆ ಎದೆಯ ತನಕ ಹೊರಕ್ಕೆ ಬಾಗಬೇಕು. ಬಾಗಿದರೆ ದೂರದಲ್ಲಿ ಕಾದಿರುವ ಇನ್ನೊಬ್ಬ ಬಿಲ್ಲಾಳಿಗೆ ಗುರಿಯಾಗುತ್ತಾನೆ. ಬುಡದಲ್ಲಿ ನಿಂತವನು ಅಷ್ಟರಲ್ಲಿ ನಿಚ್ಚಣಿಗೆ ಹಾಕುತ್ತಾನೆ, ಇಲ್ಲವೆ ಹಾರೆಯಿಂದ ಕಲ್ಲು ಮೀಟುತ್ತಾನೆ, ಇಲ್ಲವೆ ಸುರಂಗ ತೋಡುತ್ತಾನೆ. ಗೋಡೆ ಎಷ್ಟು ಎತ್ತರವಾದರೆ ಅದರ ಬುಡ ಅಷ್ಟು ಕುರುಡು. ಕೋಟೆ ಕಟ್ಟಿದವನ ಎತ್ತರವೇ ಮುತ್ತಿದವನಿಗೆ ಮರೆಯಾಗುತ್ತದೆ.

ಈಗ ಅದೇ ಗೋಡೆಯಲ್ಲಿ ಅಷ್ಟಷ್ಟು ದೂರಕ್ಕೆ ಎರಡು ಕೊತ್ತಳಗಳನ್ನು ಹೊರಕ್ಕೆ ಚಾಚಿ ಕಟ್ಟಿ. ಎಡಗಡೆಯ ಕೊತ್ತಳದ ಮೇಲೆ ನಿಂತವನು ಮುಂದಕ್ಕೆ ನೋಡಬೇಕಾಗಿಲ್ಲ, ಪಕ್ಕಕ್ಕೆ ನೋಡಿದರೆ ಸಾಕು. ಗೋಡೆಯ ಬುಡ ಉದ್ದಕ್ಕೂ ಕಾಣುತ್ತದೆ. ಬಲಗಡೆಯ ಕೊತ್ತಳದವನಿಗೂ ಅದೇ ನೋಟ ಆಚೆ ಕಡೆಯಿಂದ. ನಿಚ್ಚಣಿಗೆ ಹಾಕಿದವನ ಎರಡು ಪಕ್ಕೆಗೂ ಏಟು ಬೀಳುತ್ತದೆ. ಅವನು ಗುರಾಣಿಯನ್ನು ಯಾವ ಕಡೆಗೆ ಹಿಡಿದಾನು?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಎಡ ಕೊತ್ತಳದ ಬುಡವನ್ನು ಅದರ ಮೇಲೆ ನಿಂತವನು ನೋಡಲಾರ. ಅದನ್ನು ಕಾಯುವವನು ಬಲ ಕೊತ್ತಳದವನು. ಬಲ ಕೊತ್ತಳದ ಬುಡವನ್ನು ಕಾಯುವವನು ಎಡದವನು. ಗೋಡೆ ತನ್ನನ್ನು ತಾನು ಕಾಯಲಾರದು, ಅದನ್ನು ಕೊತ್ತಳ ಕಾಯುತ್ತದೆ. ಕೊತ್ತಳವನ್ನು ನೆರೆಯ ಕೊತ್ತಳ ಕಾಯುತ್ತದೆ. ಒಂಟಿ ಕೊತ್ತಳಕ್ಕೆ ಬೆಲೆಯಿಲ್ಲ. ಅದಕ್ಕೇ ಹೇಳುತ್ತೇನೆ, ಕೊತ್ತಳವೆಂಬುದು ಬರಿಯ ಕಟ್ಟಡದ ಹೆಸರಲ್ಲ, ಒಂದು ಸಂಬಂಧದ ಹೆಸರು.

ನಡುವಿನ ಅಂತರ ಎಷ್ಟಿರಬೇಕು? ಆಯುಧ ತಲುಪುವಷ್ಟು. ಕೌಟಿಲ್ಯನ ಅರ್ಥಶಾಸ್ತ್ರ ಇದನ್ನು ಲೆಕ್ಕ ಹಾಕಿಯೇ ಹೇಳಿದೆ. ಅಟ್ಟಾಲಕಗಳ, ಎಂದರೆ ಗೋಡೆಯ ಕಾವಲು ಗೋಪುರಗಳ, ನಡುವೆ ಮೂವತ್ತು ದಂಡಗಳ ಅಂತರವಿರಬೇಕು ಎಂಬುದು ಅಲ್ಲಿನ ವಿಧಿ. ದಂಡವೆಂದರೆ ನಾಲ್ಕು ಮೊಳ, ಸುಮಾರು ಆರು ಅಡಿ. ಅಂದರೆ ಅಂತರ ಸುಮಾರು 180 ಅಡಿ. ಬಿಲ್ಲಿನ ಬಾಣ ಗುರಿತಪ್ಪದೆ ಹೋಗುವ ದೂರ ಅದು. ನಡುವೆ ಮೂವರು ಬಿಲ್ಲಾಳುಗಳು ನಿಲ್ಲುವ ಇಂದ್ರಕೋಶವೆಂಬ ಜಾಗವನ್ನೂ ಮಾಡಬೇಕೆಂದು ಹೇಳಿದ್ದಾನೆ. ಈ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟವರು ನಮ್ಮ ಆರ್. ಶಾಮಾಶಾಸ್ತ್ರಿಗಳು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ನೆಂಟರ ಪದಗಳು

ಕೊತ್ತಳಕ್ಕೆ ಹತ್ತಿರದ ಪದಗಳು ಕನ್ನಡದಲ್ಲಿ ಹಲವು. ನಿಘಂಟುಗಳು ಒಂದಕ್ಕೆ ಇನ್ನೊಂದನ್ನು ಅರ್ಥವಾಗಿ ಕೊಟ್ಟು ಸುಮ್ಮನಾಗುತ್ತವೆ. ಬಳಕೆಯನ್ನು ಗಮನಿಸಿದರೆ ಪ್ರತಿಯೊಂದಕ್ಕೂ ಬೇರೆ ಕೆಲಸವಿದೆ.

ಆಳುವೇರಿ ಎಂದರೆ ಕೋಟೆಯ ಸುತ್ತುಗೋಡೆ. ತೆನೆ ಎಂದರೆ ಆ ಗೋಡೆಯ ನೆತ್ತಿಯಲ್ಲಿ ಏರು ತಗ್ಗಾಗಿ ಕಟ್ಟಿದ ಸಾಲು. ಆಳು ತೆನೆಯ ಮರೆಯಲ್ಲಿ ನಿಂತು, ನಡುವಿನ ತಗ್ಗಿನಿಂದ ಬಾಣ ಬಿಡುತ್ತಾನೆ. ಅಗಳು ಎಂದರೆ ಕಂದಕ. ದಿಡ್ಡಿ ಎಂದರೆ ಹೆಬ್ಬಾಗಿಲಿನ ಬದಲು ಒಬ್ಬೊಬ್ಬರಾಗಿ ಹೋಗುವ ಸಣ್ಣ ಬಾಗಿಲು. ಅಟ್ಟಳೆ ಸಂಸ್ಕೃತದ ಅಟ್ಟಾಲಕಕ್ಕೆ ನೆಂಟ. ಗೋಡೆಯ ಮೇಲೋ ಬಾಗಿಲ ಮೇಲೋ ಎತ್ತರಿಸಿ ಕಟ್ಟಿದ್ದು ಅದು. ಹಳೆಯ ಕಾವ್ಯಗಳ ಪುರವರ್ಣನೆಯಲ್ಲಿ ಇವೆಲ್ಲ ಸಾಲಾಗಿ ಬರುತ್ತವೆ. ಓದುವಾಗ ಎಲ್ಲವನ್ನೂ ‘ಕೋಟೆಯ ಭಾಗಗಳು’ ಎಂದು ಒಟ್ಟಾಗಿ ನುಂಗಿಬಿಟ್ಟರೆ ಕವಿ ಕಂಡದ್ದು ನಮಗೆ ಕಾಣುವುದಿಲ್ಲ.

ಬುರುಜು ಅರಬ್ಬಿಯಿಂದ ಬಂದ ಪದ. ದುಬೈನ ಬುರ್ಜ್ ಖಲೀಫಾದ ಬುರ್ಜ್ ಇದೇ. ಅದಕ್ಕೆ ಎತ್ತರದ ಗೋಪುರವೆಂಬ ಅರ್ಥ ಮೊದಲು, ಗೋಡೆಗೆ ಅಂಟಿಕೊಂಡಿರಬೇಕೆಂಬ ನಿಯಮವಿಲ್ಲ. ವಿಜಯಪುರದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಇದೆ. ಮಲಿಕ್-ಎ-ಮೈದಾನ್ ತೋಪಿರುವ ಶೆರ್ಜಾ ಬುರುಜು ಕೋಟೆಯ ಗೋಡೆಗೆ ಸೇರಿದ್ದು, ಆದ್ದರಿಂದ ಅದು ಕೊತ್ತಳ. ಸಮೀಪದಲ್ಲೇ 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ ಉಪಲಿ ಬುರುಜು ಗೋಡೆಯಿಂದ ಬಿಡಿಯಾಗಿ ಒಳಗೆ ನಿಂತಿದೆ. ಸುಮಾರು 80 ಅಡಿ ಎತ್ತರದ ಅದು ಬುರುಜು ಹೌದು, ಕೊತ್ತಳ ಅಲ್ಲ.

ಬತ್ತೇರಿ ಯೂರೋಪಿನವರ ‘ಬ್ಯಾಟರಿ’. ತೋಪುಗಳನ್ನು ಸಾಲಾಗಿ ಹೂಡುವ ಜಾಗ. ಮಂಗಳೂರಿನ ಸುಲ್ತಾನ್ ಬತ್ತೇರಿ, ವಯನಾಡಿನ ಸುಲ್ತಾನ್ ಬತ್ತೇರಿ, ನಮ್ಮ ದುರ್ಗದ ಲಾಲ್ ಬತ್ತೇರಿ, ಇವೆಲ್ಲ ಆ ಪದದ ಕುರುಹುಗಳು. ಮದ್ದುಗುಂಡಿನ ಕಾಲದಲ್ಲಿ ಕೊತ್ತಳದ ನೆತ್ತಿ ತೋಪಿನ ನೆಲೆಯಾದಾಗ ಈ ಹೆಸರು ನಮ್ಮ ಜನರ ಬಾಯಿಗೆ ಬಂತು.

ಇನ್ನು ಹುಡೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಹುಡೇವು ಎನ್ನುತ್ತಾರೆ. ಅದು ಹಳ್ಳಿಯ ಕಟ್ಟಡ. ಸುತ್ತುಗೋಡೆಯ ಭಾಗವಾಗಿರಬಹುದು, ಊರ ನಡುವೆ ಒಂಟಿಯಾಗಿಯೂ ನಿಲ್ಲಬಹುದು. ಅರಮನೆಯ ಹಂಗಿಲ್ಲದೆ ರೈತರೇ ಕಟ್ಟಿಕೊಂಡ ರಕ್ಷಣೆ ಅದು.

ದುರ್ಗದ ಪಾಠ

ಈಗ ನಮ್ಮ ಚಿತ್ರದುರ್ಗಕ್ಕೆ ಬರೋಣ. ಏಳು ಸುತ್ತಿನ ಕೋಟೆ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಸುತ್ತುಗಳನ್ನು ಎಣಿಸುವುದು ಸುಲಭ. ಆ ಸುತ್ತುಗಳು ಹೇಗೆ ಕೆಲಸ ಮಾಡುತ್ತವೆ ಎಂದು ನೋಡಲು ಕೊತ್ತಳದ ಕಣ್ಣು ಬೇಕು.

ಪ್ರವಾಸಿಗರು ಹತ್ತುವ ದಾರಿಯಲ್ಲೇ ಹೋಗಿ. ಮೊದಲ ಹೆಬ್ಬಾಗಿಲು ಹೊರಗಿನಿಂದ ನೇರವಾಗಿ ಎದುರಾಗುವುದಿಲ್ಲ. ದಾರಿ ತಿರುಗುತ್ತದೆ, ಗೋಡೆಗಳ ನಡುವೆ ಇಕ್ಕಟ್ಟಾಗುತ್ತದೆ, ಮತ್ತೆ ತಿರುಗುತ್ತದೆ. ಆ ತಿರುವಿನಲ್ಲಿ ಒಂದು ಗಳಿಗೆ ನಿಂತು ಕತ್ತೆತ್ತಿ ನೋಡಿ. ನಿಮ್ಮ ಎದುರಿಗೆ ಗೋಡೆ, ಪಕ್ಕದಲ್ಲಿ ಗೋಡೆ, ಬೆನ್ನ ಹಿಂದೆಯೂ ದುಂಡಗೆ ಚಾಚಿದ ಕಲ್ಲಿನ ಕಟ್ಟು. ಆನೆಯನ್ನು ಓಡಿಸಿ ಬಾಗಿಲಿಗೆ ಗುದ್ದಿಸಲು ಬೇಕಾದ ನೇರ ಓಟಕ್ಕೆ ಅಲ್ಲಿ ಜಾಗವಿಲ್ಲ. ಮರದ ದಿಮ್ಮಿ ಹೊತ್ತು ಬಂದವರಿಗೂ ತಿರುಗಲು ಆಗುವುದಿಲ್ಲ. ಮೇಲಿನ ಪ್ರತಿ ಕೊತ್ತಳವೂ ನೀವು ನಿಂತ ಆ ಒಂದೇ ಚದರ ನೆಲವನ್ನು ಬೇರೆ ಬೇರೆ ದಿಕ್ಕಿನಿಂದ ನೋಡುತ್ತಿದೆ. ಬಾಗಿಲನ್ನು ಕಾಯುವುದು ಬಾಗಿಲಲ್ಲ, ಅದನ್ನು ಅಪ್ಪಿಕೊಂಡ ಕೊತ್ತಳಗಳು.

ದುರ್ಗದ ಇನ್ನೊಂದು ಹೆಚ್ಚುಗಾರಿಕೆ ಬಂಡೆಯ ಬಳಕೆ. ಗೋಡೆ ಬಂಡೆಯಿಂದ ಬಂಡೆಗೆ ನೆಗೆಯುತ್ತದೆ. ಬಂಡೆಯೇ ಹೊರಕ್ಕೆ ಚಾಚಿದ ಕಡೆ ಅದರ ನೆತ್ತಿಯ ಮೇಲೆ ನಾಲ್ಕು ವರಸೆ ಕಲ್ಲು ಏರಿಸಿದರೆ ಕೊತ್ತಳ ಸಿದ್ಧ. ಸುತ್ತಿನ ಬಂಡೆಗಳ ಮೇಲೆ ಸಾಲಾಗಿ ಕಾಣುವ ಉಳಿಯ ಗುಳಿಗಳು ಕಲ್ಲನ್ನು ಅಲ್ಲಲ್ಲೇ ಸೀಳಿ ತೆಗೆದದ್ದರ ಗುರುತು. ಕಲ್ಲು ಹೊರಗಿನಿಂದ ಬರಲಿಲ್ಲ, ಬೆಟ್ಟವೇ ಕೋಟೆಯಾಯಿತು.

ಈ ಬೆಳಕಿನಲ್ಲಿ ಒನಕೆ ಓಬವ್ವನ ಕಥೆಯನ್ನು ಮತ್ತೊಮ್ಮೆ ಓದಿ. ಹೈದರಾಲಿಯ ಸೈನಿಕರು ನುಸುಳಿದ್ದು ಗೋಡೆ ಒಡೆದಲ್ಲ, ಬಾಗಿಲು ಮುರಿದಲ್ಲ. ಬಂಡೆಗಳ ನಡುವಿನ ಕಿಂಡಿಯಿಂದ. ಒಬ್ಬ ಮನುಷ್ಯ ಬಗ್ಗಿ ತೂರುವಷ್ಟು ಸಂದು ಅದು. ದೂರದ ಕೊತ್ತಳಗಳ ನೋಟಕ್ಕೆ ಸಿಕ್ಕದ ಇಂಥ ಜಾಗಕ್ಕೆ ಕಾವಲಿನ ಮನುಷ್ಯನೇ ದಿಕ್ಕು. ಕಾವಲಿನ ಕಹಳೆಯ ಮುದ್ದಹನುಮ ಊಟಕ್ಕೆ ಕುಳಿತಿದ್ದಾಗ, ನೀರಿಗೆ ಬಂದ ಅವನ ಹೆಂಡತಿ ಒನಕೆ ಹಿಡಿದು ಆ ಕಿಂಡಿಯ ಬಾಯಲ್ಲಿ ನಿಂತಳು. ಒಬ್ಬೊಬ್ಬನೇ ತಲೆ ಹಾಕಬೇಕಾದ ಇಕ್ಕಟ್ಟೇ ಅವಳ ಬಲವಾಯಿತು. ಕಲ್ಲಿನ ಕೊತ್ತಳ ಮಾಡಲಾಗದ ಕೆಲಸವನ್ನು ಒಬ್ಬ ಹೆಣ್ಣುಮಗಳು ಮಾಡಿದಳು. ಅವಳ ಸಾಹಸ ಎಷ್ಟು ದೊಡ್ಡದೆಂದು ಕೋಟೆಯ ರಚನೆ ಬಲ್ಲವರಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕೋಟೆ ಕೊನೆಗೆ ಹೈದರನ ಕೈಸೇರಿದ್ದು 1779ರಲ್ಲಿ. ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ.

ಮದ್ದುಗುಂಡು ಬಂದ ಮೇಲೆ

ತೋಪು ಬಂದಾಗ ಕೊತ್ತಳವೂ ಬದಲಾಯಿತು. ಎತ್ತರದ ತೆಳುವಾದ ಗೋಪುರ ತೋಪಿನ ಏಟಿಗೆ ಉರುಳುತ್ತದೆ. ಅದರ ಮೇಲೆ ತೋಪು ಇಟ್ಟು ಹಾರಿಸಿದರೆ ಆ ಒದೆತಕ್ಕೇ ಬಿರುಕು ಬಿಡುತ್ತದೆ. ಆದ್ದರಿಂದ ಕೊತ್ತಳಗಳು ಗಿಡ್ಡವಾದವು, ದಪ್ಪವಾದವು, ಒಳಗೆ ಮಣ್ಣು ತುಂಬಿಸಿಕೊಂಡವು. ವಿಜಯಪುರದ ಸುತ್ತುಗೋಡೆಗೆ 96 ಬುರುಜುಗಳೆಂದು ಲೆಕ್ಕ. ಅವುಗಳ ಮೇಲೆ ತೋಪು ತಿರುಗಿಸುವ ಏರ್ಪಾಡುಗಳನ್ನು ಇಂದೂ ನೋಡಬಹುದು.

ಆದರೂ ದುಂಡು ಕೊತ್ತಳಕ್ಕೆ ಒಂದು ಕುಂದು ಉಳಿಯಿತು. ನೆರೆಯ ಕೊತ್ತಳದಿಂದ ಎಷ್ಟೇ ಗುರಿಯಿಟ್ಟರೂ ದುಂಡಗಿನ ಮೂಗಿನ ಮುಂದೆ ಒಂದು ಚೂರು ನೆಲ ಏಟಿಗೆ ಸಿಗದೆ ಉಳಿಯುತ್ತದೆ. ಯೂರೋಪಿನಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ಮೂಲೆಯ ಕೊತ್ತಳ. ಆ ಚೂರು ನೆಲದ ಮೇಲೇ ಕಲ್ಲು ಕಟ್ಟಿ, ಬಾಣದ ಮೊನೆಯಂತೆ ಚೂಪು ಮಾಡಿದರೆ ಎಲ್ಲ ಬದಿಯೂ ನೆರೆಯವನ ನೋಟಕ್ಕೆ ಬರುತ್ತದೆ. ಈ ಮೊನೆಗಳೆಲ್ಲ ಸೇರಿದಾಗ ಕೋಟೆ ನಕ್ಷತ್ರದ ಆಕಾರ ತಳೆಯುತ್ತದೆ. 17ನೆಯ ಶತಮಾನದ ಫ್ರೆಂಚ್ ಎಂಜಿನಿಯರ್ ವೋಬಾನ್ ಈ ವಿದ್ಯೆಯಲ್ಲಿ ಹೆಸರಾದವನು. ಆ ಮಾದರಿ ನೋಡಲು ನಾವು ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಸಕಲೇಶಪುರದ ಮಂಜರಾಬಾದ್ ಕೋಟೆಗೆ ಹೋಗಿ. 1792ರಲ್ಲಿ ಮುಗಿದ ಟಿಪ್ಪುವಿನ ಈ ಕೋಟೆಗೆ ಎಂಟು ಮೊನೆ. ಕೌಟಿಲ್ಯನ ಮೂವತ್ತು ದಂಡದಿಂದ ಮಂಜರಾಬಾದಿನ ಎಂಟು ಮೊನೆಯ ತನಕ ಪ್ರಶ್ನೆ ಒಂದೇ: ಕಾಣದ ನೆಲವನ್ನು ಕಾಣಿಸುವುದು ಹೇಗೆ?

ನಮ್ಮ ಹಳ್ಳಿಗಳ ಮಣ್ಣಿನ ಕೋಟೆ

ಅರಸರ ಕೋಟೆಗಳ ಬಗ್ಗೆ ಪುಸ್ತಕಗಳಿವೆ. ಎಂ.ಎಸ್. ಪುಟ್ಟಣ್ಣ, ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ದುರ್ಗದ ಇತಿಹಾಸಕ್ಕೆ ದುಡಿದರು. ತರಾಸು ತಮ್ಮ ಕಾದಂಬರಿಗಳಲ್ಲಿ ದುರ್ಗವನ್ನು ಮನೆಮನೆಗೆ ತಲುಪಿಸಿದರು. ಹಳ್ಳಿಯ ಕೋಟೆಗಳಿಗೆ ಅಂಥ ಭಾಗ್ಯ ಬರಲಿಲ್ಲ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕನನ್ ಊರೂರಿನ ಮಣ್ಣಿನ ಕೋಟೆಗಳನ್ನು ಮತ್ತೆ ಮತ್ತೆ ಪ್ರಸ್ತಾಪಿಸುತ್ತಾನೆ. ಅಂದರೆ ಅಂದು ಅವು ಅಪರೂಪವಲ್ಲ, ಊರು ಎಂದರೆ ಕೋಟೆ ಇರಲೇಬೇಕು ಎಂಬಷ್ಟು ಸಾಮಾನ್ಯ.

ಮಣ್ಣಿನ ಕೊತ್ತಳವನ್ನು ಹಗುರವಾಗಿ ಕಾಣಬಾರದು. ಬುಡಕ್ಕೆ ಕಾಡುಗಲ್ಲಿನ ಅಡಿಪಾಯ, ಮೇಲೆ ತುಳಿದು ಹದ ಮಾಡಿದ ಮಣ್ಣು, ವರಸೆಯ ಮೇಲೆ ವರಸೆ. ಮೇಲಕ್ಕೆ ಹೋದಂತೆ ಸುತ್ತಳತೆ ಕಿರಿದಾಗುತ್ತದೆ. ತೋಪಿನ ಗುಂಡು ಕಲ್ಲಿಗೆ ಬಡಿದರೆ ಕಲ್ಲು ಸಿಡಿಯುತ್ತದೆ, ಸಿಡಿದ ಚೂರು ಒಳಗಿದ್ದವರನ್ನೇ ಕೊಲ್ಲುತ್ತದೆ. ಮಣ್ಣಿಗೆ ಬಡಿದರೆ ಗುಂಡು ಹೂತು ಹೋಗುತ್ತದೆ. ಮಳೆ ಕಡಿಮೆಯಾದ ನಮ್ಮ ಬಯಲುಸೀಮೆಗೆ ಈ ವಿದ್ಯೆ ಹೇಳಿ ಮಾಡಿಸಿದ್ದು. ಕಾಡುಗೊಲ್ಲರ ಹಟ್ಟಿಗಳ ಸುತ್ತಲಿನ ಮುಳ್ಳುಬೇಲಿಯನ್ನೂ ಇದೇ ಸಾಲಿನಲ್ಲಿಟ್ಟು ನೋಡಬೇಕು. ಕಲ್ಲು, ಮಣ್ಣು, ಮುಳ್ಳು, ಕೈಗೆ ಸಿಕ್ಕಿದ್ದರಿಂದ ಜನ ತಮ್ಮನ್ನು ಕಾಪಾಡಿಕೊಂಡರು.

ದಂಡುಗಳ ಭಯ ಹೋದ ಮೇಲೆ ಈ ಕೋಟೆಗಳಿಗೆ ಕೆಲಸವಿಲ್ಲವಾಯಿತು. ಹಾಳುಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಗಾಡಿಗಳಲ್ಲಿ ಹೋಯಿತು. ಅಡಿಪಾಯದ ಕಲ್ಲು ಮನೆಗಳ ಗೋಡೆಗೆ ಸೇರಿತು. ಅಗಳು ತಿಪ್ಪೆಗುಂಡಿಯಾಯಿತು, ಆಮೇಲೆ ನಿವೇಶನವಾಯಿತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ, ಜೀವನ ಮುಂದೆ ಹೋಗಬೇಕು. ಆದರೆ ಎತ್ತಿನ ಗಾಡಿ ನೂರು ವರ್ಷದಲ್ಲಿ ಕರಗಿಸಿದ್ದನ್ನು ಜೆಸಿಬಿ ಒಂದು ಬೆಳಗಿನಲ್ಲಿ ಮುಗಿಸುತ್ತದೆ. ಚಿತ್ರದುರ್ಗದ ಕೋಟೆಗೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಹಳ್ಳಿಯ ಹುಡೆಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲ. ಅವುಗಳ ಹೆಸರು ಇರುವುದು ಊರ ಮುದುಕರ ಬಾಯಲ್ಲಿ ಮಾತ್ರ.

ವಿದ್ಯಾರ್ಥಿಗಳಿಗೆ ನನ್ನ ಬೇಡಿಕೆ ಇದು. ನಿಮ್ಮ ನಿಮ್ಮ ಊರಿಗೆ ಹೋಗಿ ಹುಡುಕಿ. ಕೋಟೆ ಆಂಜನೇಯನ ಗುಡಿ ಇದೆಯೇ, ಕೋಟೆ ಬೀದಿ ಇದೆಯೇ, ಊರಬಾಗಿಲು ಎನ್ನುವ ಜಾಗ ಇದೆಯೇ ಎಂದು ಕೇಳಿ. ಇದ್ದರೆ ಅಲ್ಲಿ ಕೋಟೆಯಿದ್ದಿರಬೇಕೆಂದು ತಿಳಿದು ಮುಂದುವರಿಯಿರಿ. ಗ್ರಾಮ ನಕಾಶೆ ತೆಗೆದು ಗ್ರಾಮಠಾಣೆಯ ಗಡಿ ಎಲ್ಲಿ ದುಂಡಗೆ ತಿರುಗುತ್ತದೆ ನೋಡಿ. ದಿಬ್ಬವೊಂದು ಕಂಡರೆ ಅದರ ಸುತ್ತಳತೆ, ಉಳಿದ ಎತ್ತರ, ಪಕ್ಕದ ದಿಬ್ಬಕ್ಕೆ ಇರುವ ದೂರ, ಈ ಮೂರನ್ನು ಟೇಪು ಹಿಡಿದು ಅಳೆಯಿರಿ. ಅದು ಗೋಡೆಯಿಂದ ಹೊರಕ್ಕೆ ಚಾಚಿತ್ತೇ, ಒಂಟಿಯಾಗಿ ನಿಂತಿತ್ತೇ ಗಮನಿಸಿ. ಹಾಗೆ ನೋಡಿದರೆ ಅದು ಕೊತ್ತಳವೋ ಹುಡೆಯೋ ಎಂದು ನೀವೇ ತೀರ್ಮಾನಿಸಬಹುದು. ಎಲ್ಲಕ್ಕಿಂತ ಮೊದಲು, ಊರಿನ ಅಜ್ಜಿ ತಾತಂದಿರು ಅದನ್ನು ಏನೆಂದು ಕರೆಯುತ್ತಾರೋ ಆ ಹೆಸರನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಿ. ತಿದ್ದಬೇಡಿ.

ಉಪಾಧ್ಯಾಯ ಮಿತ್ರರು ಇದನ್ನು ಶಾಲೆಯ ಯೋಜನಾ ಕಾರ್ಯವಾಗಿ ತೆಗೆದುಕೊಳ್ಳಬಹುದು. ಗ್ರಾಮ ಪಂಚಾಯಿತಿಯವರು ಉಳಿದಿರುವ ಗೋಡೆಯ ಸುತ್ತ ಹತ್ತು ಅಡಿ ಜಾಗವನ್ನು ಹಾಗೆಯೇ ಬಿಡುವ ತೀರ್ಮಾನ ಮಾಡಬಹುದು. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಮುಂದಿನ ವರ್ಷ ಇದೇ ದತ್ತಿಯ ಸಭೆ ಸೇರುವ ಹೊತ್ತಿಗೆ ಜವನಗೊಂಡನಹಳ್ಳಿ ಹೋಬಳಿಯ ಕೋಟೆ ಕೊತ್ತಳಗಳ ಒಂದು ಪಟ್ಟಿ ಈ ಮೇಜಿನ ಮೇಲೆ ಇರಲಿ, ಅದನ್ನು ನಮ್ಮ ಮಕ್ಕಳೇ ಬರೆದಿರಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.